ಅಳು ಬರದಿದ್ದರೆ ಪಶ್ಚಾತ್ತಾಪ ಸುಳ್ಳಾ?

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಮಾಡುವಾಗ ಅಳು ಬರಲ್ಲ, ನರಕದ ಭಯ ಅಷ್ಟೇ ಇದೆ, ಇದು ನಿಜವಾದ ಪಶ್ಚಾತ್ತಾಪನಾ ಅಂತ ಕೇಳಿದ್ದೀರಿ. ದಯವಿಟ್ಟು ಕಣ್ಣೀರನ್ನು ಅಳೆಯಬೇಡಿ. ಭಯದಿಂದ ಹುಟ್ಟಿದ ಪಶ್ಚಾತ್ತಾಪ ಅಪೂರ್ಣವಾದರೂ ಅದೂ ದೇವರ ಕೊಡುಗೆಯೇ ಅಂತ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ 1551ರಲ್ಲೇ ಹೇಳಿದೆ. ಇನ್ನು ಮಾಡಲ್ಲ ಅನ್ನುವ ನಿರ್ಧಾರ ಇದೆಯಾ, ಅದನ್ನು ನೋಡಿಕೊಳ್ಳಿ.

ನನ್ನನ್ನು ಜಾಸ್ತಿ ಕಾಡಿದ್ದು ನೀವು ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಮಾತು: ಪೇಂಟಿಂಗ್ ಖರ್ಚು ಅಂತ ಸುಳ್ಳು ಲೆಕ್ಕ ತೋರಿಸಿ ಬಾಡಿಗೆಯವರ ಅಡ್ವಾನ್ಸ್ ಹಿಡಿದುಕೊಂಡದ್ದು. ಬೈಬಲ್‌ನ ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ ಯೇಸುವಿಗೆ ಏನಂದ? ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಅವನು ಅತ್ತ ಅಂತ ಅಲ್ಲಿ ಎಲ್ಲೂ ಇಲ್ಲ. ಗುರುಗಳು ಕ್ಷಮೆ ಕೊಟ್ಟರೂ ಆ ಹಣ ನಿಮ್ಮ ಹತ್ತಿರ ಉಳಿಯುವಂತಿಲ್ಲ, ಅಲ್ವಾ? ಬಾಡಿಗೆಯವರ ನಂಬರ್ ಇರುತ್ತಲ್ಲ, ಈ ವಾರವೇ ಫೋನ್ ಮಾಡಿ ಕೊಟ್ಟುಬಿಡಿ.