ಬಾಣದ ಗುರುತು ನಮ್ಮ ತಪ್ಪು

ಓದುಗರ ಪತ್ರ: ಕಳೆದ ಸಂಚಿಕೆಯ ನಡುಪುಟದಲ್ಲಿ ಎತ್ತಿನ ಗಾಡಿ, ಸಾರೋಟು, ಉಗಿಬಂಡಿ, ಹಡಗು, ಕಾರು, ವಿಮಾನ ಎಂದು ಸಾಲಾಗಿ ಚಿತ್ರ ಬರೆದು ಕೆಳಗೆ ಉದ್ದಕ್ಕೂ ಒಂದು ಬಾಣ ಎಳೆದಿದ್ದೀರಿ. ವಿಮಾನವೇ ಕೊನೆಯ ಮೆಟ್ಟಿಲಾದರೆ ಹಡಗು ಇನ್ನೂ ಯಾಕಿದೆ ಎಂದು ನನ್ನ ಮಗಳು ಕೇಳಿದಳು. ಉತ್ತರ ಹೊಳೆಯದೆ, "ಎಲ್ಲಕ್ಕೂ ಚಕ್ರವೇ ತಾಯಿ, ಅಷ್ಟು ತಿಳಿದುಕೋ" ಎಂದು ಸುಮ್ಮನಾಗಿಸಿದೆ. ಸರಿ ತಾನೆ?

ಸಂಪಾದಕರ ಉತ್ತರ: ಸರಿಯಲ್ಲ. ಆದರೆ ನಿಮಗಿಂತ ದೊಡ್ಡ ತಪ್ಪು ನಮ್ಮದು. ಆ ಬಾಣ ಎಳೆಸಿದವನು ನಾನೇ. ಪುಟ ಚೆನ್ನಾಗಿ ಕಾಣುತ್ತದೆ ಅನ್ನುವುದರ ಹೊರತು ಅದಕ್ಕೆ ಬೇರೆ ಕಾರಣವೇ ಇರಲಿಲ್ಲ.

ಮೊದಲಿಗೆ, ಹಡಗನ್ನು ಉಗಿಬಂಡಿಯ ಬೆನ್ನಿಗೆ ನಿಲ್ಲಿಸಿದ್ದೇ ಎಡವಟ್ಟು. ಚಕ್ರಕ್ಕೆ ಈಗ ಸುಮಾರು 5,500 ವರ್ಷ. ನೆದರ್‌ಲ್ಯಾಂಡ್ಸ್‌ನ ಪೆಸ್ಸೆ ಎಂಬಲ್ಲಿ ಸಿಕ್ಕಿದ, ಒಂದೇ ಮರವನ್ನು ಕೊರೆದು ಮಾಡಿದ ದೋಣಿಗೆ ಸುಮಾರು 10,000 ವರ್ಷ. ಅದು ಸಿಕ್ಕಿದ್ದು 1955ರಲ್ಲಿ, ಹೆದ್ದಾರಿಗೆಂದು ನೆಲ ಅಗೆಯುತ್ತಿದ್ದಾಗ! ಆಸ್ಟ್ರೇಲಿಯಾಕ್ಕೆ ಮನುಷ್ಯರು ಕಾಲಿಟ್ಟು 50,000 ವರ್ಷವಾದರೂ ಆಗಿದೆ. ಆಗ ಕಡಲು ಈಗಿಗಿಂತ ಬಹಳ ತಗ್ಗಿನಲ್ಲಿದ್ದರೂ ನಡುವೆ ನೀರಂತೂ ಇತ್ತು; ಏನನ್ನೋ ಕಟ್ಟಿ, ತೇಲಿಸಿಯೇ ದಾಟಿರಬೇಕು.

ಇನ್ನು ಚಕ್ರ. ಅದು ಒಳ್ಳೆಯ ನೆಲವಿದ್ದರೆ ಮಾತ್ರ ತಾಯಿ. ಕೆಸರಲ್ಲಿ, ಮರಳಲ್ಲಿ, ಕಡಿದಾದ ಬೆಟ್ಟದಲ್ಲಿ ಅದೇ ಒಂದು ಹೊರೆ. ದಕ್ಷಿಣ ಅಮೆರಿಕದ ಇಂಕಾ ಜನ ಆಂಡಿಸ್ ಪರ್ವತಗಳ ಉದ್ದಕ್ಕೂ 30,000 ಕಿ.ಮೀ.ಗೂ ಮಿಕ್ಕ ದಾರಿ ಕಟ್ಟಿದರು. ಅದರ ಮೇಲೆ ಒಂದು ಬಂಡಿಯೂ ಓಡಲಿಲ್ಲ. ದಾರಿಯಲ್ಲಿ ಮೆಟ್ಟಿಲುಗಳಿದ್ದವು, ಹೊರಲು ಲಾಮಾಗಳಿದ್ದವು, ಓಡಲು ಮನುಷ್ಯರಿದ್ದರು. ಪಶ್ಚಿಮ ಏಷ್ಯಾದ ಕತೆ ಇನ್ನೂ ಸ್ವಾರಸ್ಯದ್ದು. ಚಕ್ರವನ್ನು ಮೊದಮೊದಲು ಕಂಡ ಸೀಮೆಗಳಲ್ಲಿ ಅದೂ ಒಂದು. ಅಲ್ಲಿಯೇ ಒಂಟೆ ಬಂಡಿಯನ್ನು ಶತಮಾನಗಳ ಕಾಲ ಮೂಲೆಗೆ ತಳ್ಳಿತು. ಒಂಟೆಗೆ ರಸ್ತೆ ಬೇಡ, ಸೇತುವೆ ಬೇಡ, ಅಚ್ಚು ಮುರಿಯುವ ಭಯವಿಲ್ಲ. ನಮ್ಮ ಬಾಣದ ಲೆಕ್ಕದಲ್ಲಿ ಇದು ಹಿಂದಕ್ಕೆ ನಡೆದಂತೆ. ವ್ಯಾಪಾರಿಗಳ ಲೆಕ್ಕ ಬೇರೆಯೇ ಇತ್ತು.

ಈ ವಿಷಯ ಓದಿದಷ್ಟೂ ನನಗೆ ಅನಿಸುವುದು, ನಾವು ವಾಹನದ ಚಿತ್ರ ಬರೆದು ಅದರ ಕೆಳಗಿನ ದಾರಿಯನ್ನು ಮರೆಯುತ್ತೇವೆ ಎಂದು. 1804ರ ಫೆಬ್ರವರಿ 21ರಂದು ವೇಲ್ಸ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಅವರ ಉಗಿ ಎಂಜಿನ್ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಎಳೆದುಕೊಂಡು 16 ಕಿ.ಮೀ.ಯಷ್ಟು ದೂರ ಹೋಯಿತು. ನಾಲ್ಕು ತಾಸು ಹಿಡಿಯಿತು, ಇರಲಿ, ಎಂಜಿನ್ ಗೆದ್ದಿತ್ತು. ಸೋತದ್ದು ಹಳಿ. ಕುದುರೆ ಎಳೆಯುವ ಬಂಡಿಗಳಿಗೆಂದು ಹಾಕಿದ್ದ ಎರಕದ ಕಬ್ಬಿಣ ಆ ಭಾರಕ್ಕೆ ಪಟಪಟನೆ ಮುರಿಯಿತು. 1820ರಲ್ಲಿ ಜಾನ್ ಬರ್ಕಿನ್‌ಷಾ ಎಂಬವರು ಮೆದು ಕಬ್ಬಿಣವನ್ನು ಉರುಳೆಗಳ ನಡುವೆ ಹಾಯಿಸಿ ಉದ್ದನೆಯ ಹಳಿ ಮಾಡುವ ಬಗೆ ಕಂಡುಹಿಡಿದರು. ಐದೇ ವರ್ಷದಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿ ಶುರುವಾಯಿತು. ಆ ದಾರಿ ಕಟ್ಟಿಸಿದ ಎಂಜಿನಿಯರ್ ಜಾರ್ಜ್ ಸ್ಟೀವನ್‌ಸನ್ ಹೆಸರು ಎಲ್ಲರ ಬಾಯಲ್ಲಿದೆ, ಬರ್ಕಿನ್‌ಷಾ ಅವರನ್ನು ಕೇಳುವವರಿಲ್ಲ.

ಈಗ ನಿಮ್ಮ ಮಗಳ ಪ್ರಶ್ನೆಗೆ ಬರೋಣ. ಹಡಗಿನ ಭಾರವನ್ನು ನೀರು ಪುಕ್ಕಟೆ ಹೊರುತ್ತದೆ. ಎಂಜಿನ್ ಮುಂದಕ್ಕೆ ನೂಕಿದರೆ ಸಾಕು. ವಿಮಾನ ಹಾಗಲ್ಲ, ಗಾಳಿಯಲ್ಲಿ ನಿಲ್ಲುವುದಕ್ಕೇ ಗಳಿಗೆ ಗಳಿಗೆಗೂ ಇಂಧನ ಸುಡಬೇಕು. ಕಾಲುವೆಯ ದಂಡೆಯಲ್ಲಿ ನಡೆಯುವ ಒಂದು ಕುದುರೆ 30 ಟನ್ ಹೇರಿದ ದೋಣಿಯನ್ನು ಎಳೆಯುತ್ತಿತ್ತು; ಅದೇ ಕುದುರೆಗೆ ರಸ್ತೆಯಲ್ಲಿ ಒಂದೆರಡು ಟನ್ ಎಳೆಯುವಷ್ಟರಲ್ಲಿ ಏದುಸಿರು. ಹಾಗಾಗಿ ಇವತ್ತಿಗೂ ದೇಶ ದೇಶಗಳ ನಡುವಿನ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಹಡಗಿನದು. ವಿಮಾನದ ಪಾಲು ತೂಕದಲ್ಲಿ ಶೇ 1ನ್ನೂ ಮುಟ್ಟುವುದಿಲ್ಲ, ಬೆಲೆಯಲ್ಲಿ ಮಾತ್ರ ಮೂರನೇ ಒಂದರಷ್ಟು. ಔಷಧ, ಫೋನು, ಹೂವು ಹಾರುತ್ತವೆ; ಅದಿರು, ಎಣ್ಣೆ, ಗೋಧಿ ತೇಲುತ್ತವೆ.

ಹಡಗಿನ ತೊಡಕು ಕಡಲಲ್ಲಿರಲಿಲ್ಲ, ದಡದಲ್ಲಿತ್ತು. ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಹಮಾಲರು ಒಂದೊಂದಾಗಿ ಇಳಿಸುವಷ್ಟರಲ್ಲಿ ದಿನಗಟ್ಟಲೆ ಹಡಗು ಬಂದರಿನಲ್ಲೇ ಕೂತಿರುತ್ತಿತ್ತು. ಅಮೆರಿಕದಲ್ಲಿ ಲಾರಿ ವ್ಯವಹಾರದ ಮಾಲ್ಕಮ್ ಮೆಕ್‌ಲೀನ್ 1956ರ ಏಪ್ರಿಲ್ 26ರಂದು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಲೋಹದ ಪೆಟ್ಟಿಗೆ ಕಳಿಸಿದರು. ಬಿಡಿ ಸರಕು ಹೇರಲು ಟನ್ನಿಗೆ 5.86 ಡಾಲರ್ ಬೀಳುತ್ತಿದ್ದಲ್ಲಿ ಈ ಬಗೆಯಲ್ಲಿ ಲೆಕ್ಕ ಹಾಕಿದಾಗ ಬಂದದ್ದು 16 ಸೆಂಟ್. ಎಂಜಿನ್ ಹೊಸದಲ್ಲ, ಹಡಗೂ ಹಳೆಯ ಎಣ್ಣೆ ಹಡಗು. ಬದಲಾದದ್ದು ಡಬ್ಬಿ ಒಂದೇ. ನಮ್ಮ ಚಿತ್ರದಲ್ಲಿ ಆ ಡಬ್ಬಿಗೆ ಜಾಗವಿರಲಿಲ್ಲ, ನೋಡಿ.

ವಿಮಾನಕ್ಕೂ ದಾರಿಯ ಹಂಗು ತಪ್ಪಿದ್ದಲ್ಲ. ರೈಟ್ ಸಹೋದರರು 1903ರಲ್ಲಿ ಹಾರಿದರು (ಬಲೂನಿನಲ್ಲಿ ಮನುಷ್ಯ 1783ರಲ್ಲೇ ಹಾರಿದ್ದ, ಅದನ್ನೂ ಬಿಟ್ಟಿದ್ದೇವೆ). 1930ರ ದಶಕದಲ್ಲಿ ಸಾಗರ ದಾಟುತ್ತಿದ್ದ ದೊಡ್ಡ ವಿಮಾನಗಳು ಬಹಳಷ್ಟು ನೀರಿನ ಮೇಲೇ ಇಳಿಯುತ್ತಿದ್ದವು, ಯಾಕೆಂದರೆ ಅಷ್ಟು ಉದ್ದದ ರನ್‌ವೇ ದಾರಿಯುದ್ದಕ್ಕೂ ಇರಲಿಲ್ಲ. ಎರಡನೇ ಮಹಾಯುದ್ಧ ಲೋಕದ ತುಂಬ ಕಾಂಕ್ರೀಟ್ ಸುರಿಯಿತು; ಆ ದೋಣಿ ವಿಮಾನಗಳ ಕಾಲ ಮುಗಿಯಿತು.

ಮುಂದಿನ ಸಂಚಿಕೆಯಲ್ಲಿ ಬಾಣವಿಲ್ಲದೆ ಚಿತ್ರವನ್ನು ಮತ್ತೆ ಅಚ್ಚು ಹಾಕುತ್ತೇವೆ. ಅಲ್ಲಿಯವರೆಗೆ ಹಳೆಯ ಪುಟವನ್ನು ಮಗಳ ಕೈಗೆ ಕತ್ತರಿಯ ಜೊತೆ ಕೊಡಿ. ದೋಣಿಯನ್ನು ಎಲ್ಲಕ್ಕೂ ಮೊದಲು ಅಂಟಿಸಲಿ. ಒಂಟೆಯನ್ನು ಅವಳೇ ಬರೆದುಕೊಳ್ಳಬೇಕಾದೀತು.