ಪಚ್ಚೆಯೊಳಗಿನ ಗೆರೆ ನೋಡಿ ಹೆದರಬೇಡಿ

ದಿನಾ ಹಾಕಲು ನೋಡಿದ ಪಚ್ಚೆ ಉಂಗುರದ ಹರಳಿನೊಳಗೆ ಗೆರೆಗಳಿವೆ, ನಕಲಿ ಇರಬಹುದಾ ಎಂದು ಕೇಳಿದ್ದೀರಿ. ಗೆರೆ ಇದ್ದರೆ ನಕಲಿ ಅಂತಲ್ಲ. ನೆಲದಲ್ಲಿ ಸಿಕ್ಕ ಪಚ್ಚೆಯಲ್ಲಿ ಅವು ಇರುವುದೇ ಜಾಸ್ತಿ. ಒಂದು ಚೂರೂ ಗೆರೆಯಿಲ್ಲದ ದೊಡ್ಡ ಹರಳು ಕಡಿಮೆ ಬೆಲೆಗೆ ಸಿಕ್ಕರೇ ನನಗೆ ಅನುಮಾನ. ಬಿರುಕು ಮೇಲ್ಮೈವರೆಗೆ ಬಂದಿದೆಯಾ ನೋಡಿ. ಅಂಥದ್ದು ಕಾಣದಿರಲಿ ಅಂತ ಎಣ್ಣೆ ತುಂಬುತ್ತಾರೆ. ಅದು ಹಳೆಯ ರೂಢಿ, ಹೇಳಿ ಮಾರಿದರೆ ಮೋಸವಲ್ಲ. ಎಷ್ಟು ತುಂಬಿದೆ ಎನ್ನುವುದು ಲ್ಯಾಬ್ ವರದಿಯಲ್ಲಿ ಇರಲೇಬೇಕು.

ದಿನಬಳಕೆಗೆ ನಾನಾದರೆ ಓಲೆಯನ್ನೇ ಆರಿಸುತ್ತೇನೆ. ಗೀರು ಬೀಳದಂತೆ ತಡೆಯುವ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಪಚ್ಚೆ 7.5ರಿಂದ 8, ಆದರೂ ಏಟು ಬಿದ್ದರೆ ಒಡೆಯುತ್ತದೆ. ಉಂಗುರವೇ ಬೇಕೆಂದರೆ ಹರಳಿನ ಸುತ್ತ ಪೂರ್ತಿ ಚಿನ್ನದ ಅಂಚು ಇರಲಿ. ಶಬ್ದದ ಕಂಪನದಿಂದ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಮಾತ್ರ ತೊಳೆಸಬೇಡಿ, ಎಣ್ಣೆ ಹೊರಬರುತ್ತದೆ, ಬಿರುಕೂ ಹೆಚ್ಚಬಹುದು.