ಬ್ರಶ್ ಆಮೇಲೆ, ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ

ಈ ಸಲ ಪ್ರಶ್ನೆ ಕಳಿಸಿದವರು ಬೇರೆ ಬೇರೆ. ಬಾಡಿಗೆಗೆ ಇರುವವರು, ಬಾಡಿಗೆಗೆ ಕೊಟ್ಟವರು, ಮನೆ ಕೊಳ್ಳಲು ಹೊರಟವರು. ಆದರೆ ಕೇಳಿದ್ದು ಒಂದೇ. ಗೋಡೆ ಒದ್ದೆಯಾಗಿದೆ, ಯಾವ ಪೇಂಟ್ ಹೊಡೆಸಲಿ? ಕಟ್ಟಡಗಳ ತೇವ, ಸೋರಿಕೆ ಹುಡುಕುವುದೇ ನನ್ನ ಕೆಲಸ. ಈ ಪ್ರಶ್ನೆ ಬಂದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. ಅವರು ಆಗಲೇ ಒಂದೆರಡು ಸಲ ಪೇಂಟ್ ಹೊಡೆಸಿ ದುಡ್ಡು ಕಳೆದುಕೊಂಡಿರುತ್ತಾರೆ. ಹಾಗೆ ಮಾಡಿ ಅಂತ ಅವರಿಗೆ ಯಾರೋ ಹೇಳಿರುತ್ತಾರೆ. ಆ ಹೇಳಿದವರ ಮೇಲೆ ಸಿಟ್ಟು. ಅದಕ್ಕೇ ಇವತ್ತು ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಚಿಕ್ಕ ಉತ್ತರ.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ. ಮಲಗುವ ಕೋಣೆಯ ಒಂದು ಗೋಡೆಯಲ್ಲಿ, ನೆಲದ ಹತ್ತಿರ ಪೇಂಟ್ ಉಬ್ಬಿ ಉದುರುತ್ತಿದೆ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು. ಉದುರುತ್ತಿರುವ ಗೋಡೆಯ ಆಚೆ ಬಾತ್‌ರೂಮ್ ಇದೆ. ಮಾಲೀಕರು ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರು, ಆರು ತಿಂಗಳಲ್ಲಿ ಮತ್ತೆ ಹಾಗೇ ಆಯಿತು. ಈಗ ‘ನೀವು ಒಳಗೆ ಬಟ್ಟೆ ಒಣಗಿಸ್ತೀರಿ, ಅದಕ್ಕೇ ಹೀಗಾಗಿದೆ, ಠೇವಣಿಯಲ್ಲಿ ಹಿಡಿದುಕೊಳ್ತೀನಿ’ ಅನ್ನುತ್ತಿದ್ದಾರೆ. ತಪ್ಪು ಯಾರದು?

ನಿಮ್ಮ ಕೋಣೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ. ನೀವಿಬ್ಬರೂ ಅದನ್ನು ಒಂದೇ ಅಂದುಕೊಂಡು ಜಗಳ ಆಡುತ್ತಿದ್ದೀರಿ. ಅವರು ಹೇಳಿದ್ದು ಒಂದು ಮೂಲೆಗೆ ನಿಜ ಇರಬಹುದು. ನೀವು ಹೇಳುತ್ತಿರುವುದು ಇನ್ನೊಂದು ಗೋಡೆಗೆ ನಿಜ ಇರಬಹುದು.

ಮೊದಲು ಬೀರುವಿನ ಹಿಂದಿನ ಬೂಷ್ಟು ನೋಡೋಣ. ಗಾಳಿ ಬಿಸಿ ಇದ್ದಷ್ಟೂ ಅದು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 30 ಗ್ರಾಂ ನೀರು ಹಿಡಿಸುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದದ್ದು ತಣ್ಣಗಿರುವ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಅದೇ ಇದು. ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ, ಗೋಡೆ ತಣ್ಣಗೇ ಇರುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಒಳಗೆ ಬಟ್ಟೆ ಒಣಗಿಸಿದರೆ ಏನಾಗುತ್ತದೆ ಅಂತ ಅನುಮಾನ ಇದ್ದರೆ ಹಿಂಡಿದ ಬಟ್ಟೆಯನ್ನು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ಆ ವ್ಯತ್ಯಾಸ ಅಷ್ಟೂ ನಿಮ್ಮ ಕೋಣೆಯ ಗಾಳಿಗೆ ಹೋಗಿದೆ. ಒಂದು ಮೆಷಿನ್ ಬಟ್ಟೆಗೆ ಸುಮಾರು 2 ಲೀಟರ್ ಲೆಕ್ಕ ಇಟ್ಟುಕೊಳ್ಳಬಹುದು. ಹಾಗಾಗಿ ಬಟ್ಟೆ ಒಳಗೆ ಒಣಗಿಸುವಾಗ ಕಿಟಕಿ ತೆಗೆದಿಡಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ಆದರೆ ಆ ಕೋಣೆಗೆ ಸರಿಯಾದ ಕಿಟಕಿಯೇ ಇಲ್ಲ, ಬಟ್ಟೆ ಒಣಗಿಸಲು ಹೊರಗೆ ಜಾಗವೇ ಕೊಟ್ಟಿಲ್ಲ ಅಂದರೆ ಬಾಡಿಗೆದಾರರ ಮೇಲೆ ತಪ್ಪು ಹೊರಿಸುವುದು ನ್ಯಾಯ ಅಲ್ಲ. ಗಾಳಿಯ ದಾರಿ ಮಾಡಿಕೊಡುವುದು ಮಾಲೀಕರ ಕೆಲಸ, ಅದನ್ನು ತೆಗೆದಿಡುವುದು ಇರುವವರ ಕೆಲಸ.

ಇನ್ನು ಉದುರುತ್ತಿರುವ ಗೋಡೆ. ಇಲ್ಲಿ ಬಟ್ಟೆಯ ಮಾತು ಬಿಡಿ. ಉಬ್ಬಿದ ಪೇಂಟ್ ಚಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ. ಹಿಂದೆ ಬಿಳಿ ಪುಡಿ, ಮುಟ್ಟಿದರೆ ಹರಳು ಹರಳಾಗಿ ಕೈಗೆ ಅಂಟುವಂಥದ್ದು ಇದೆಯಾ? ಅದು ಇಟ್ಟಿಗೆ ಮತ್ತು ಗಾರೆಯ ಒಳಗಿನ ಉಪ್ಪು. ನೀರು ಗೋಡೆಯ ಒಳಗಿನಿಂದ ಬರುವಾಗ ಅದನ್ನು ಕರಗಿಸಿಕೊಂಡು ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ, ಹರಳು ಬೆಳೆದು ಪೇಂಟನ್ನು ಎತ್ತಿ ಎಸೆಯುತ್ತದೆ. ಗಾಳಿಯ ತೇವ ಗೋಡೆಯ ಮೇಲ್ಮೈಗಷ್ಟೇ ಕೂರುತ್ತದೆ, ಅದು ಒಳಗಿನ ಉಪ್ಪನ್ನು ಹೊರಗೆ ಎಳೆದು ತರುವುದಿಲ್ಲ. ಬಿಳಿ ಪುಡಿ ಕಂಡರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ.

ಇನ್ನೂ ಖಾತ್ರಿ ಬೇಕಾದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತನ್ನಿ. ಒಂದು ಅಡಿ ಚೌಕ ಕತ್ತರಿಸಿ, ಚಕ್ಕೆ ಉದುರಿದ ಜಾಗದ ಪಕ್ಕ ಗಟ್ಟಿಯಾಗಿರುವ ಕಡೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಕೋಣೆಯ ಕಡೆಯ ಮುಖದಲ್ಲಿ ಹನಿ ಕೂತಿದ್ದರೆ ಅದು ಗಾಳಿಯ ನೀರು. ಬಿಚ್ಚಿದಾಗ ಗೋಡೆಯ ಕಡೆಯ ಮುಖ ಒದ್ದೆ ಇದ್ದರೆ ಅದು ಗೋಡೆಯ ನೀರು. ಎರಡೂ ಕಡೆ ಒದ್ದೆ ಇದ್ದರೆ ಎರಡೂ ಇದೆ.

ಗೋಡೆಯ ನೀರೇ ಅಂತಾದರೆ ಅದು ಎಲ್ಲಿಂದ ಬರುತ್ತದೆ? ಮಳೆ, ಪೈಪ್, ಬಾತ್‌ರೂಮಿನ ನೆಲ, ಅಥವಾ ಬುಡದ ಮಣ್ಣು. ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ: ಇವತ್ತು ಮಳೆ ಬಂತಾ, ಕಲೆ ಎಷ್ಟು ಎತ್ತರ ಇದೆ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಮಳೆ ಬಂದ ಒಂದೆರಡು ದಿನಕ್ಕೆ ಬೆಳೆದರೆ ಹೊರಗೆ ನೋಡಿ. ಮಳೆ ಇಲ್ಲದ ತಿಂಗಳಲ್ಲೂ ಬೆಳೆದರೆ ಪೈಪ್ ಅಥವಾ ಬಾತ್‌ರೂಮ್. ಬುಡದ ಮಣ್ಣಿನಿಂದ ಏರುವ ತೇವ ಸಾಮಾನ್ಯವಾಗಿ ಒಂದು ಮೀಟರಿಗಿಂತ ಮೇಲೆ ಹೋಗುವುದಿಲ್ಲ, ಗೋಡೆಯ ಉದ್ದಕ್ಕೂ ಪಟ್ಟಿಯ ಹಾಗೆ ಇರುತ್ತದೆ. ಒಂದೇ ಕಡೆ ದುಂಡಗೆ ಇದ್ದರೆ ಮಣ್ಣಿನ ಮೇಲೆ ಅನುಮಾನ ಬೇಡ.

ಪೈಪ್ ಪರೀಕ್ಷೆ ಸುಲಭ. ಮಲಗುವ ಮುಂಚೆ ಎಲ್ಲ ನಲ್ಲಿ ಬಂದ್ ಮಾಡಿ. ಮೇಲೆ ಟ್ಯಾಂಕ್ ಇದ್ದರೆ ಅದಕ್ಕೆ ನೀರು ಬರುವುದನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ನೇರ ಮೀಟರಿನಿಂದ ಬರುತ್ತಿದ್ದರೆ ಮೀಟರ್ ಓದಿ ಬರೆದಿಡಿ. ಯಾರೂ ನೀರು ಮುಟ್ಟದೆ ಬೆಳಗ್ಗೆ ಮಟ್ಟ ಇಳಿದಿದ್ದರೆ, ಮೀಟರ್ ಓಡಿದ್ದರೆ, ಎಲ್ಲೋ ಪೈಪ್ ಸೋರುತ್ತಿದೆ. ಏನೂ ಬದಲಾಗದಿದ್ದರೆ ಪೂರ್ತಿ ನೆಮ್ಮದಿ ಬೇಡ. ಬಳಸಿದ ನೀರು ಹೊರಗೆ ಹೋಗುವ ಪೈಪಿನ ಸೋರಿಕೆ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಅದಕ್ಕೆ ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ನೋಡಬೇಕು. ಮಾಲೀಕರಿಗೂ ಕೆಳಗಿನ ಮನೆಯವರಿಗೂ ಹೇಳಿ ಮಾಡಿ. ನೀರು ಹೋಗುವ ಜಾಲಿಯನ್ನು ಬಿಗಿಯಾಗಿ ಮುಚ್ಚಿ, ಹೊಸ್ತಿಲ ಹತ್ತಿರ ಬಟ್ಟೆ ಸುತ್ತಿ ಕಟ್ಟೆ ಕಟ್ಟಿ, 2 ಸೆಂಟಿಮೀಟರ್‌ನಷ್ಟು ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೇ ಒಂದು ಅಗಲದ ತಟ್ಟೆಯಲ್ಲಿ ನೀರು ಹಾಕಿ, ಅದಕ್ಕೂ ಗುರುತು ಹಾಕಿಡಿ. 24 ಗಂಟೆ ಆದ ಮೇಲೆ ಎರಡನ್ನೂ ಅಳೆಯಿರಿ. ತಟ್ಟೆಯಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆರಿದ ನೀರು. ನೆಲದಲ್ಲಿ ಜಾಸ್ತಿ ಇಳಿದಿದ್ದರೆ ಅದು ಎಲ್ಲೋ ಒಳಗೆ ಹೋಗಿದೆ. ನೆಲ ಪಾಸಾದರೆ, ಜಾಲಿ ತೆಗೆದು ಒಂದು ಬಕೆಟ್ ನೀರು ಬಿಡಿ, ಆಮೇಲೆ ಕಲೆ ನೋಡಿ. ಅದೂ ಸರಿ ಇದ್ದರೆ ಷವರ್ ನೀರನ್ನು ಗೋಡೆಗೆ ಹತ್ತು ನಿಮಿಷ ಬಿಡಿ. ಒಂದೊಂದನ್ನೂ ಬೇರೆ ಬೇರೆ ದಿನ ಮಾಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ, ಇದರಲ್ಲಿ ನಾನು ಜಾಸ್ತಿ ಹೆದರುತ್ತೇನೆ ಅಂತ ಜೊತೆಯವರು ಹೇಳುತ್ತಾರೆ, ಹೇಳಲಿ. ಒದ್ದೆ ಗೋಡೆಯಲ್ಲಿ ಸ್ವಿಚ್ ಅಥವಾ ಪ್ಲಗ್ ಇದ್ದರೆ ಯಾವ ಪರೀಕ್ಷೆಯೂ ಬೇಡ. ಮೇನ್ ಆಫ್ ಮಾಡಿ, ಎಲೆಕ್ಟ್ರಿಶಿಯನ್ ಕರೆಸಿ. ಗೋಡೆ ಮುಟ್ಟಿದಾಗ ಜುಮ್ ಅಂದರೆ ಆ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬೇಡಿ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ನೋಡಿದ ಒಂದು ಮನೆ ಇನ್ನೂ ಕಣ್ಣ ಮುಂದಿದೆ. ಹೀಗೇ ಮಲಗುವ ಕೋಣೆ, ಹೀಗೇ ಪಕ್ಕದಲ್ಲಿ ಬಾತ್‌ರೂಮ್. ಗೋಡೆಗೆ ಮೂರು ಪದರ ವಾಟರ್‌ಪ್ರೂಫ್ ಪೇಂಟ್. ಮೊಣಕಾಲಿನ ಎತ್ತರದಲ್ಲಿ ಅಂಗೈ ಅಗಲದ ಒಂದು ಗುಳ್ಳೆ. ಪೆನ್ನಿನ ತುದಿಯಿಂದ ಚುಚ್ಚಿದೆ, ಕಂದು ನೀರು ನೆಲಕ್ಕೆ ಸುರಿಯಿತು. ಪೇಂಟ್ ನೀರನ್ನು ತಡೆದಿತ್ತು, ನಿಜ. ಆದರೆ ತಡೆದದ್ದು ಗೋಡೆಯ ಒಳಗೇ. ಬಾತ್‌ರೂಮಿನಲ್ಲಿ ಟಾರ್ಚ್ ಹಿಡಿದು ಮಂಡಿಯೂರಿ ಕೂತು ಹುಡುಕಿದೆ. ಜಾಲಿಯ ಸುತ್ತ, ಟೈಲ್ಸಿಗೂ ಪೈಪಿನ ಬಾಯಿಗೂ ನಡುವೆ ಬೆಂಕಿಕಡ್ಡಿ ದಪ್ಪದ ಸಂದು. ಮನೆಯವರು ದಿನಾ ಸ್ನಾನ ಮಾಡಿದ ನೀರಿನಲ್ಲಿ ಸ್ವಲ್ಪ ಸ್ವಲ್ಪ ಅಲ್ಲಿಂದ ಇಳಿಯುತ್ತಿತ್ತು. ಸಂದು ಬಿಡಿಸಿ ಸರಿಯಾಗಿ ಮುಚ್ಚುವುದು ಅರ್ಧ ದಿನದ ಕೆಲಸ. ಅದಕ್ಕೆ ಮುಂಚೆ ಆ ಮನೆಯವರು ಎರಡು ವರ್ಷ ಪೇಂಟರಿಗೆ ದುಡ್ಡು ಕೊಟ್ಟಿದ್ದರು.

ಸೋರುವ ಜಾಗ ಸಿಕ್ಕಿ ಸರಿ ಮಾಡಿದ ಮೇಲೂ ಆತುರ ಬೇಡ. ಉಪ್ಪು ಹಿಡಿದ, ಟೊಳ್ಳು ಸದ್ದು ಬರುವ ಗಾರೆಯನ್ನು ಕಲೆಯ ಅಂಚಿನಿಂದ ಒಂದು ಅಡಿ ಆಚೆವರೆಗೂ ಕೆತ್ತಿಸಿ. ಬಿಳಿ ಪುಡಿಯನ್ನು ಒಣ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಗೋಡೆ ಒಣಗಲು ಬಿಡಿ. ಗೋಡೆಯ ದಪ್ಪದಲ್ಲಿ ಒಂದು ಇಂಚಿಗೆ ಒಂದು ತಿಂಗಳು ಅನ್ನುವುದು ನಮ್ಮವರ ಅಂದಾಜು. 9 ಇಂಚಿನ ಗೋಡೆ ಪೂರ್ತಿ ನೆನೆದಿದ್ದರೆ ಎಷ್ಟಾಯಿತು ನೋಡಿ. ಅಷ್ಟು ದಿನ ಕೆತ್ತಿದ ಗೋಡೆ ನೋಡಿಕೊಂಡು ಇರುವುದು ಕಷ್ಟ, ಗೊತ್ತು. ಆದರೆ ಹದಿನೈದು ದಿನಕ್ಕೇ ಗಾರೆ ಮೆತ್ತಿ ಪೇಂಟ್ ಹೊಡೆಸಿದರೆ ಅದೇ ಗುಳ್ಳೆ ಮತ್ತೆ ಏಳುತ್ತದೆ. ಆಗ ‘ರಿಪೇರಿ ಸರಿ ಆಗಿಲ್ಲ’ ಅಂತ ಪ್ಲಂಬರನ್ನು ಬೈಯುತ್ತೀರಿ.

ಖರ್ಚು ಯಾರದು ಅಂತ ಕೇಳಿದಿರಿ. ಪೈಪ್, ಬಾತ್‌ರೂಮಿನ ನೆಲ, ಹೊರಗೋಡೆ ಇವು ಕಟ್ಟಡದ ಭಾಗ. ಅವು ಸೋರಿದರೆ ಬಾಡಿಗೆದಾರರ ಠೇವಣಿಗೆ ಕೈ ಹಾಕುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿಮ್ಮ ಕರಾರು ಪತ್ರ ತೆಗೆದು ಓದಿ. ಆದರೆ ಯಾವ ಊರಿನಲ್ಲಾದರೂ ನಡೆಯುವುದು ಒಂದಿದೆ. ಕಲೆ ಕಂಡ ದಿನವೇ ಫೋಟೋ ತೆಗೆದು ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಬಾಯಲ್ಲಿ ಹೇಳಿದ್ದು ಮನೆ ಬಿಡುವ ದಿನ ಯಾರಿಗೂ ನೆನಪಿರುವುದಿಲ್ಲ. ಫಾಯಿಲ್ ಬಿಚ್ಚುವಾಗ, ನೀರು ಅಳೆಯುವಾಗ ಅವರನ್ನೂ ಕರೆಯಿರಿ. ಇಬ್ಬರೂ ಒಟ್ಟಿಗೆ ಕಣ್ಣಾರೆ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ನಾನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ.

ಪ್ರಶ್ನೆ: ಒಬ್ಬರು ಬಂದು ಗೋಡೆಗೆ ಮೀಟರ್ ಒತ್ತಿ, ಕೆಂಪು ದೀಪ ತೋರಿಸಿ, ಎಲ್ಲ ಗೋಡೆಗೂ ತೂತು ಕೊರೆದು ಕೆಮಿಕಲ್ ತುಂಬಿಸಬೇಕು ಅಂದರು. ಮಾಡಿಸಲಾ?

ಬೇಡ. ಆ ಎರಡು ಮುಳ್ಳಿನ ಮೀಟರ್ ಇರುವುದು ಮರದ ತೇವ ಅಳೆಯಲು. ಗೋಡೆಯಲ್ಲಿ ಉಪ್ಪು ಇದ್ದರೂ ಅದು ಕೆಂಪು ತೋರಿಸುತ್ತದೆ. ಒಣ ಜಾಗ ಯಾವುದು, ಒದ್ದೆ ಜಾಗ ಯಾವುದು ಅಂತ ಹೋಲಿಸಿ ನೋಡಲು ಅದನ್ನು ನಾನೂ ಬಳಸುತ್ತೇನೆ. ಆದರೆ ಅದೊಂದನ್ನೇ ನಂಬಿ ಮನೆಯೆಲ್ಲ ಕೊರೆಸಬೇಕು ಅನ್ನುವವರು ನಿಮ್ಮ ಗೋಡೆ ನೋಡಿಲ್ಲ, ನಿಮ್ಮ ಜೇಬು ನೋಡಿದ್ದಾರೆ. ಹೊರಗೆ ಹೋಗಿ ನೋಡಿ, ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಬಂದಿರಬಹುದು. ಮೊದಲು ಆ ಮಣ್ಣು ತೆಗೆಸಿ. ಗೋಡೆಗೆ ಪುಟ್ಟ ಡಬ್ಬಿ ತಗುಲಿಸಿದರೆ ಅಲೆಗಳಿಂದ ತೇವ ಕೆಳಗೆ ಹೋಗುತ್ತದೆ ಅಂತ ಮಾರುವವರೂ ಇದ್ದಾರೆ. ಅವರನ್ನು ಬಾಗಿಲಲ್ಲೇ ಕಳಿಸಿ.

ಪ್ರಶ್ನೆ: ಬೂಷ್ಟಿಗೆ ಬ್ಲೀಚ್ ಹಾಕಿದರೆ ಸಾಕಲ್ವಾ?

ಬಣ್ಣ ಹೋಗುತ್ತದೆ, ತೇವ ಇದ್ದರೆ ಬೂಷ್ಟು ವಾಪಸ್ ಬರುತ್ತದೆ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಮನೆಯಲ್ಲಿ ಆಸ್ತಮಾ ಇರುವ ಮಗು ಇದೆ ಅಂತ ಬರೆದಿದ್ದೀರಿ. ತೇವ, ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಉಜ್ಜುವಾಗ ಹತ್ತಿರ ಬಿಡಬೇಡಿ.

ಪ್ರಶ್ನೆ: ಕೊಳ್ಳಬೇಕು ಅಂದುಕೊಂಡ ಮನೆಗೆ ಹೊಸ ಪೇಂಟ್ ಹೊಡೆದಿದ್ದಾರೆ, ಚೆನ್ನಾಗಿ ಕಾಣುತ್ತಿದೆ.

ಅದೇ ನನಗೆ ಭಯ. ಜೋರು ಮಳೆ ಬಂದ ಮಾರನೇ ದಿನ ಹೋಗಿ, ಗೋಡೆ ಕಪಾಟುಗಳ ಬಾಗಿಲು ತೆಗೆದು ಒಳಗೆ ಮೂಗು ಹಾಕಿ, ಸಿಂಕಿನ ಕೆಳಗೆ ಕೈ ಆಡಿಸಿ, ಮೇಲಿನ ಬಾತ್‌ರೂಮಿನ ಕೆಳಗೆ ಬರುವ ಸೀಲಿಂಗ್ ನೋಡಿ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳದೆ ಸಹಿ ಹಾಕಬೇಡಿ.

ಪ್ರಶ್ನೆ: ಗೋಡೆಯಲ್ಲಿ ಕೂದಲೆಳೆ ಬಿರುಕು, ಮನೆ ಬೀಳುತ್ತದಾ?

ಇಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆದಿಡಿ. ಗುರುತು ದಾಟಿ ಬೆಳೆದರೆ, ಅಥವಾ 5 ಮಿಲಿಮೀಟರಿಗಿಂತ ಅಗಲ ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಮೇಸ್ತ್ರಿಯ ಮಾತು ಅಲ್ಲಿ ಸಾಲದು.

ಪ್ರಶ್ನೆ: ಯಾವ ಕಂಪನಿಯ ವಾಟರ್‌ಪ್ರೂಫ್ ಪೇಂಟ್ ಒಳ್ಳೆಯದು?

ಗೋಡೆ ಒಣಗಿದೆಯಾ? ಫಾಯಿಲ್ ಅಂಟಿಸಿ ಎರಡು ದಿನ ಬಿಟ್ಟು ನೋಡಿ, ಆಮೇಲೆ ಬರೆಯಿರಿ.